ಪ್ರಕೃತಿ ನುಂಗಿಕೊಂಡ ಮಾತು

ಶಾರದವ್ವಜ್ಜಿಯ ಮನೆಯಲ್ಲಿ ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಡಬ್ಬಿಯಲ್ಲಿ ಉಪ್ಪು ಮುಗಿದರೆ “ಉಪ್ಪು ತುಂಬೇದ, ತರ್ರಿ” ಅನ್ನಬೇಕು. ಹೊಸ್ತಿಲು ದಾಟುವವರು ಬಾಯಿತಪ್ಪಿ “ಹೋಗ್ತೀನಿ” ಅಂದರೋ, ಅವರನ್ನು ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, “ಬರ್ತೀನಿ” ಅನ್ನಿಸಿಯೇ ಕಳಿಸುತ್ತಿದ್ದಳು ಅಜ್ಜಿ. ಹುಬ್ಬಳ್ಳಿಯ ಆ ಮನೆಯಲ್ಲಿ ಬೆಳೆದ ಪ್ರಕೃತಿ ಸಣ್ಣವಳಿದ್ದಾಗ ಒಂದು ಮುಸ್ಸಂಜೆ, “ಅಜ್ಜೀ, ನೀ ಸತ್ತ ಮ್ಯಾಲ ನಿನ್ನ ಟ್ರಂಕು ನನಗ ಕೊಡ್ತಿಯಿಲ್ಲೋ?” ಎಂದು ಕೇಳಿ ಬಾಯಿ ಮೇಲೆ ಪಟ್ಟನೆ ಒಂದು ಏಟು ತಿಂದಿದ್ದಳು.

“ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತ ಆಡ್ತಿ? ಮ್ಯಾಲ ದೇವತಿಗೋಳು ಅಡ್ಡಾಡ್ತಿರ್ತಾವ. ನೀ ಅಂದದ್ದಕ್ಕ ಅಸ್ತು ಅಂದುಬಿಡ್ತಾವ!”

ಆ ಏಟು ನೋಯಲಿಲ್ಲ. ಆದರೆ ಮಾತೆಂದರೆ ಬರೀ ಸದ್ದಲ್ಲ, ಬಾಯಿಂದ ಬಿಟ್ಟರೆ ಯಾರದೋ ತಲೆಯ ಮೇಲೆ ಹೋಗಿ ಕೂರುವ ಜೀವ ಎಂಬ ಅಂಜಿಕೆ ಅಂದು ಒಳಗೆ ಕೂತಿತು. ಇಂಗ್ಲಿಷ್ ಮೀಡಿಯಂ ಶಾಲೆ, ಧಾರವಾಡದ ಎಂ.ಎ., ಯಾವುದೂ ಅದನ್ನು ಎಬ್ಬಿಸಿ ಕಳಿಸಲಿಲ್ಲ. ಅಂಜಿಕೆ ಕನ್ನಡದಲ್ಲಿತ್ತು, ಓದು ಇಂಗ್ಲಿಷಿನಲ್ಲಿತ್ತು. ಒಂದೇ ತಲೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದು ಎರಡೂ ಬಾಳಿಕೊಂಡಿದ್ದವು.

ಆ ಇಂಗ್ಲಿಷೇ ಅವಳಿಗೆ ಅನ್ನ ಕೊಟ್ಟಿತು. ಹುಬ್ಬಳ್ಳಿಯಲ್ಲಿದ್ದಾಗ ವಿದೇಶಕ್ಕೆ ಹೊರಟವರಿಗೆ ಪಾಠ ಹೇಳುತ್ತಿದ್ದಳು. ಹತ್ತಿರ ಹತ್ತಿರದ ಅರ್ಥದ ಪದಗಳನ್ನು ಬೇರ್ಪಡಿಸಿ ತೋರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. “ಅಕ್ಕ ತಂಗಿ ಇದ್ಧಂಗ ಇವು. ಮಾರಿ ಒಂದ ಥರ ಅಂತ ಅಕ್ಕನ ಗಂಡನ ಮನಿಗೆ ತಂಗಿನ್ನ ಕಳಸಾಕ ಬರತದೇನು?” ಅನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು, ನೆನಪಿಟ್ಟುಕೊಳ್ಳುತ್ತಿದ್ದರು.

ಈಗ ಕಡಲಾಚೆಯ ಮಿಲ್ಟನ್ ಎಂಬ ಊರಿನಲ್ಲಿ, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಟೌನ್‌ಹೌಸುಗಳ ಸಾಲಿನಲ್ಲಿ ಅವಳ ಸಂಸಾರ. ಗಂಡ ನಿಜಗುಣ ಓಕ್‌ವಿಲ್‌ನ ಆಫೀಸಿಗೆ ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಮಗಳು ನಿಧಿ ಈಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಬೇಸ್‌ಮೆಂಟಿನಲ್ಲಿ ಬೆಂಗಳೂರಿನ ಐಶ್ವರ್ಯಾ ಎಂಬ ವಿದ್ಯಾರ್ಥಿನಿ ಬಾಡಿಗೆಗಿದ್ದಳು. ವಯಸ್ಸಾದವರ ಆರೈಕೆಯ ಕೋರ್ಸು ಅವಳದು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಪ್ರಶ್ನೆ ಕೇಳುತ್ತಿದ್ದಳು.

“ಅಕ್ಕಾ, ಪೇನ್‌ಗೂ ಏಕ್‌ಗೂ ಏನ್ ವ್ಯತ್ಯಾಸ? ಡಿಕ್ಷನರಿ ನೋಡಿದ್ರೆ ಇದಕ್ಕೆ ಅದು ಅನ್ನತ್ತೆ, ಅದಕ್ಕೆ ಇದು ಅನ್ನತ್ತೆ.”

“ಚೇಳು ಕಡದ್ರ ಪೇನ್. ಇಡೀ ದಿನಾ ನಿಂತು ಮೀನಗಂಡ ಹರೀತಾವಲಾ, ಅದು ಏಕ್.”

“ಮೀನಗಂಡ ಅಂದ್ರೆ?”

“ಮೊದಲ ಕನ್ನಡ ಕಲಿ ನೀ,” ಎಂದು ಪ್ರಕೃತಿ ತನ್ನ ಮೊಣಕಾಲಿನ ಕೆಳಗೆ, ಕಾಲಿನ ಹಿಂಭಾಗ ತಟ್ಟಿ ತೋರಿಸಿದಳು.

“ಸರಿ ಟೀಚರ್. ಟ್ರೀಟ್? ಕ್ಯೂರ್?”

“ಟ್ರೀಟ್ ಅಂದ್ರ ಡಾಕ್ಟರ್ ಮಾಡೂದು. ಕ್ಯೂರ್ ಅಂದ್ರ ಬ್ಯಾನಿ ಬಿಟ್ಟು ಹೋಗೂದು. ಮೊದಲನೇದು ಮನಶ್ಯಾನ ಕೈಯಾಗ ಅದ.” ಇಷ್ಟು ಹೇಳಿ, ಎರಡನೆಯದರ ಬಗ್ಗೆ ಏನೂ ಹೇಳದೆ ಅವಳು ನಿಧಿಯ ಬಾಯಿ ಒರೆಸಿದ್ದಳು.

ಮಗು ಹುಟ್ಟಿದ ಮೇಲೆ ಅವಳು ಹಿಡಿದ ಕೆಲಸ ಆಸ್ಪತ್ರೆಗಳಲ್ಲಿ ಮಾತು ದಾಟಿಸುವುದು. ಕನ್ನಡ ಬಿಟ್ಟರೆ ಬೇರೆ ಮಾತಿನಲ್ಲಿ ನೋವು ಹೇಳಿಕೊಳ್ಳಲಾಗದವರು ಬಂದಾಗ ಏಜೆನ್ಸಿಯವರು ಇವಳನ್ನು ಕಳಿಸುತ್ತಿದ್ದರು. ತರಬೇತಿಯಲ್ಲಿ ಮೊದಲು ಕಲಿಸಿದ್ದು ಒಂದು ವಿಚಿತ್ರ ನಿಯಮ. ಮಾತು ಯಾರದೇ ಇರಲಿ, ‘ನಾನು’ ಎಂದೇ ಹೇಳಬೇಕು. ಡಾಕ್ಟರರು “ನಾನು ನಿಮ್ಮ ಹೊಟ್ಟೆ ನೋಡುತ್ತೇನೆ” ಅಂದರೆ ಇವಳೂ “ನಾ ನಿಮ್ಮ ಹೊಟ್ಟಿ ನೋಡ್ತೀನಿ” ಅನ್ನಬೇಕು. ರೋಗಿ “ನನಗೆ ಅಂಜಿಕೆ” ಅಂದರೆ ಇವಳು ಇಂಗ್ಲಿಷಿನಲ್ಲಿ “ನನಗೆ ಅಂಜಿಕೆ” ಅನ್ನಬೇಕು. ನಡುವೆ ನಿಂತವಳು ಇಲ್ಲವೇ ಇಲ್ಲ ಅನ್ನುವ ಹಾಗೆ.

ಬೇರೆಯವರಿಗೆ ಇದು ಒಂದು ರೂಢಿ, ಅಷ್ಟೆ. ಪ್ರಕೃತಿಗೆ ಹಾಗಲ್ಲ. “ನನಗೆ ರಕ್ತ ಹೋಗುತ್ತಿದೆ” ಎಂದು ಯಾರದೋ ಪರವಾಗಿ ಹೇಳಿದ ಸಂಜೆ ಮನೆಗೆ ಬಂದು ಮೊದಲು ಬಾಯಿ ಮುಕ್ಕಳಿಸುತ್ತಿದ್ದಳು, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ನಿಜಗುಣ ಒಮ್ಮೆ ನೋಡಿ, “ಏನ ಇದು ಹೊಸಾ ಮಡಿ?” ಎಂದು ಕೆಣಕಿದಾಗ, “ಊಟದ ವಾಸನಿ” ಎಂದು ಸುಳ್ಳು ಹೇಳಿದಳು.

ಮಾರ್ಚ್ ಕೊನೆಯ ಒಂದು ಗುರುವಾರ. ಪಾರ್ಕಿಂಗ್ ಲಾಟುಗಳ ಮೂಲೆಯಲ್ಲಿ ಒಟ್ಟಿದ್ದ ಹಿಮದ ಗುಡ್ಡೆಗಳು ಕರಿ ಹಿಡಿದು ಕರಗುತ್ತಿದ್ದವು. ಬೆಳಗ್ಗೆ ನಿಧಿಯ ಮೈ ಬೆಚ್ಚಗಿತ್ತು. ಹಲ್ಲು ಬರುವ ಜ್ವರ ಇರಬೇಕು ಎಂದು ಎಲ್ಲರೂ ಅಂದರು. ಆದರೆ ಪ್ರಕೃತಿಗೆ ‘ಇರಬೇಕು’ ಎಂಬ ಮಾತೇ ಆಗದು. ಮತ್ತೆ ಮತ್ತೆ ಹಣೆ ಮುಟ್ಟಿ, ಕುತ್ತಿಗೆ ಮುಟ್ಟಿ, ಥರ್ಮಾಮೀಟರಿನ ಮೇಲೆ ನಂಬಿಕೆ ಬಾರದೆ ಹೊಟ್ಟೆ ಮುಟ್ಟಿ, ಕೊನೆಗೆ ಐಶ್ವರ್ಯಾಳ ಕೈಗೆ ಕೊಟ್ಟಳು.

“ಸ್ವಲ್ಪ ಏನಾದ್ರೂ ಆದ್ರೂ ಫೋನ್ ಮಾಡ.”

“ಏನೂ ಆಗಲ್ಲ, ಹೋಗಿ ಅಕ್ಕಾ.”

“ಹೋಗಿ ಅನಬ್ಯಾಡ. ಹೋಗಿ ಬರ್ರಿ ಅನ್ನು.”

“ಹೋಗಿಬನ್ನಿ, ಹೋಗಿಬನ್ನಿ, ಹೋಗಿಬನ್ನಿ. ಸಾಕಾ?”

ಆಸ್ಪತ್ರೆಯ ಆ ಚಿಕ್ಕ ಕೋಣೆಯಲ್ಲಿ ಮಡಿವಾಳಪ್ಪ ಮತ್ತು ಅವರ ಹೆಂಡತಿ ನಾಗವ್ವ ಕೂತಿದ್ದರು. ಬೆಳಗಾವಿ ಕಡೆಯವರು. ಮಡಿವಾಳಪ್ಪ ಎಷ್ಟೋ ವರ್ಷಗಳ ಹಿಂದೆ ಮಾಲ್ಟನ್ ಎಂಬ ಇನ್ನೊಂದು ಊರಿನ ಪಂಜಾಬಿ ಹೋಟೆಲಿಗೆ ಅಡಿಗೆಯವರಾಗಿ ಬಂದವರು. ಅಡಿಗೆಮನೆಯಲ್ಲಿ ಹಿಂದಿ ಸಾಕಾಗಿತ್ತು, ಇಂಗ್ಲಿಷಿನ ಹಂಗು ಬೀಳಲಿಲ್ಲ. ಮಕ್ಕಳಿಲ್ಲ. ಮಾಲ್ಟನ್ನಿನಲ್ಲಿ ಬಾಡಿಗೆ ಏರಿದ ಮೇಲೆ ಮಿಲ್ಟನ್ನಿನ ಅಂಚಿನ, ಬಸ್ಸು ಅಪರೂಪಕ್ಕೆ ಮುಖ ತೋರಿಸುವ ಹೊಸ ಬಡಾವಣೆಯ ಒಂದು ಬೇಸ್‌ಮೆಂಟಿಗೆ ಬಂದಿದ್ದರು. ಬೆನ್ನುನೋವೆಂದು ಶುರುವಾದದ್ದು ಶ್ವಾಸಕೋಶದ ಕ್ಯಾನ್ಸರ್ ಎಂದು ಅವರಿಗೆ ಆಗಲೇ ಗೊತ್ತಿತ್ತು. ಅದು ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯುವ ದಿನ ಇದು.

“ಎಲ್ಲಿಯವರವಾ ನೀ?” ಮಡಿವಾಳಪ್ಪ ಕೇಳಿದರು.

“ಹುಬ್ಬಳ್ಳಿಯಾಕಿ, ಕಾಕಾರ.”

“ಹಂಗಾರ ನಮ್ಮ ಮಗಳ ಆತು. ಹೋದ ಸಲ ಫೋನಿನ್ಯಾಗ ಒಬ್ಬಾವ ಬಂದಿದ್ದ. ಅಂವಾ ಮಾತಾಡೂದು ಟೀವಿ ವಾರ್ತಾ ಕೇಳಿಧಂಗ ಆಗ್ತಿತ್ತು. ಅಂವಾ ಹೇಳಿದ ಮ್ಯಾಲ ಈಕಿ ನನ್ನ ಕೇಳತಾಳ, ಯುದ್ಧ ಸುರು ಆತೇನು ಅಂತ.”

ನಾಗವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಪ್ರಕೃತಿಯೂ ನಕ್ಕಳು. ನಗಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು. ನಕ್ಕ ಕೂಡಲೇ ಅವರು ಹೊರಗಿನವರಾಗಿ ಉಳಿಯಲಿಲ್ಲ.

ಡಾಕ್ಟರರು ಬಂದರು. ನಡುವಯಸ್ಸಿನ ಹೆಂಗಸು, ಮೆದುದನಿ. ನೋವು ಹೇಗಿದೆ, ಉರಿಯೋ, ಚುಚ್ಚೋ, ಭಾರವೋ ಎಂದು ಕೇಳಿದರು. “ಕಡೀತದ, ನಡುನಡುವ ಚಳಕ್ ಅಂತದ,” ಅಂದರು ಮಡಿವಾಳಪ್ಪ. ಪ್ರಕೃತಿ ಅದನ್ನು ತೂಕ ತಪ್ಪದಂತೆ ದಾಟಿಸಿದಳು. ಅಷ್ಟರಲ್ಲಿ ಅವಳ ಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡುವ ಹಾಗಿಲ್ಲ. ಐಶ್ವರ್ಯಾ ಬಿಟ್ಟು ಬೇರೆ ಯಾರು ಈ ಹೊತ್ತಿಗೆ?

ಡಾಕ್ಟರರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಮಡಿವಾಳಪ್ಪನವರ ಕಣ್ಣನ್ನೇ ನೋಡುತ್ತ ನಿಧಾನವಾಗಿ ಹೇಳಿದರು. ರೋಗ ಬೆನ್ನಿನ ಎಲುಬಿಗೆ ಹರಡಿದೆ. ಇದು ಟ್ರೀಟಬಲ್. ದಿನಾ ತೆಗೆದುಕೊಳ್ಳುವ ಮಾತ್ರೆಯಿದೆ, ಅದು ರೋಗವನ್ನು ಹಿಡಿದು ನಿಲ್ಲಿಸಬಹುದು. ಆದರೆ ಇದು ಕ್ಯೂರಬಲ್ ಅಲ್ಲ. ನಾನು ಇದನ್ನು ಗುಣಪಡಿಸಲಾರೆ.

ಕೋಣೆ ಪ್ರಕೃತಿಯ ಮಾತಿಗಾಗಿ ಕಾಯುತ್ತ ಕೂತಿತು. ಪದ ಸಿಗದೆ ಇರಲಿಲ್ಲ. ‘ಗುಣ ಆಗೂದಿಲ್ಲ.’ ಎರಡೇ ಪದ, ನಾಲಗೆಯ ತುದಿಯಲ್ಲೇ ಇದ್ದವು. ಆದರೆ ಹೇಳಬೇಕಾದದ್ದು ‘ನಾನು’ ಎಂದು. ‘ನಾ ನಿಮ್ಮನ್ನ ಗುಣಾ ಮಾಡಲಾರೆ.’ ಎದುರಿಗೆ ಮಗಳೇ ಎಂದು ಕರೆದ ಮುದುಕ, ಅವನ ಹೆಂಡತಿಯ ಹಣೆಯ ಮೇಲೆ ಕಾಸಿನಗಲ ಕುಂಕುಮ, ಮನೆಯಲ್ಲಿ ಮೈ ಬಿಸಿಯಾದ ಕೂಸು, ಚೀಲದಲ್ಲಿ ಗುಂಯ್‌ಗುಡುತ್ತಿರುವ ಫೋನು. ಬಾಯಿ ಮೇಲೆ ಪಟ್ಟನೆ ಬಿದ್ದ ಏಟು ಇಷ್ಟು ವರ್ಷದ ಮೇಲೆ ಮತ್ತೆ ಬಿತ್ತು.

“ಡಾಕ್ಟರ್ ಹೇಳ್ತಾರ,” ಎಂದು ಶುರುಮಾಡಿದಳು. ಮೊದಲ ತಪ್ಪು ಅಲ್ಲೇ ಆಗಿತ್ತು. “ಬ್ಯಾನಿ ಎಲಬಿಗೆ ಹೋಗೇದಂತ. ಆದ್ರ ಇದಕ್ಕ ಔಷಧ ಅದ. ದಿನಾ ಗುಳಗಿ ತೊಗೋಬೇಕು. ಅದು ಬ್ಯಾನಿನ್ನ ಹಿಡದು ನಿಲ್ಲಸತದ. ಗುಣಾ ಆಗೂದು... ಸ್ವಲ್ಪ ಹೊತ್ತ ಹಿಡೀತದ.”

ಮಡಿವಾಳಪ್ಪನವರ ಮುಖ ಹಗುರಾಯಿತು. ನಾಗವ್ವ ಕೈ ಜೋಡಿಸಿ ಡಾಕ್ಟರರತ್ತ ಬಗ್ಗಿದಳು. ಡಾಕ್ಟರರಿಗೆ ಅದನ್ನು ನೋಡಿ ಎಲ್ಲೋ ಅನುಮಾನ ಬಂದಿರಬೇಕು. ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲೇ ಹೇಳಿ ಎಂದು ಕೇಳಿದರು.

“ಗುಳಗಿ ತೊಗೊಂಡ್ರ ಆರಾಮ ಆಗ್ತೀನಿ,” ಅಂದರು ಮಡಿವಾಳಪ್ಪ.

ಆರಾಮ ಆಗುವುದು ಎಂದರೆ ಅವರ ಮನಸ್ಸಿನಲ್ಲಿ ರೋಗ ಬಿಟ್ಟು ಎದ್ದು ನಿಲ್ಲುವುದು. ಪ್ರಕೃತಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ‘ಗೆಟ್ ವೆಲ್’ ಅನ್ನಬೇಕು. ಅದರ ತಂಗಿಯೊಬ್ಬಳು ಪಕ್ಕದಲ್ಲೇ ಇದ್ದಳು, ‘ಫೀಲ್ ಬೆಟರ್’, ನೋವು ಕಡಿಮೆಯಾಗಿ ಹಾಯೆನ್ನಿಸುವುದು. ಕ್ಲಾಸಿನಲ್ಲಿ ಎಷ್ಟು ಸಲ ಬಿಡಿಸಿ ತೋರಿಸಿದ್ದಳೋ ಆ ಜೋಡಿಯನ್ನು! ಇವಳು ತಂಗಿಯನ್ನು ಕಳಿಸಿದಳು. “ಮಾತ್ರೆ ತೆಗೆದುಕೊಂಡರೆ ಐ ವಿಲ್ ಫೀಲ್ ಬೆಟರ್,” ಅಂದಳು. ಡಾಕ್ಟರರು ಸಮಾಧಾನದಿಂದ ತಲೆಯಾಡಿಸಿದರು. ಎರಡೂ ಕಡೆಯಿಂದ ಬಾಗಿಲು ಮುಚ್ಚಿಕೊಂಡಿತು, ಅಗಳಿ ಇವಳ ಕೈಯಲ್ಲಿತ್ತು.

ಹೊರಗೆ ಬಂದ ಕೂಡಲೇ ಫೋನು ತೆಗೆದಳು. ನಿಧಿ ಬಾಳೆಹಣ್ಣು ತಿನ್ನುತ್ತಿರುವ ಫೋಟೋ. ‘ಜ್ವರ ಇಳೀತು ಅಕ್ಕಾ, ಟೆನ್ಷನ್ ಬೇಡ.’

ಲಾಬಿಯಲ್ಲಿ ಆ ದಂಪತಿ ಅವಳಿಗಾಗಿಯೇ ನಿಂತಿದ್ದರು.

“ನಿನ್ನ ಬಾಯಾಗ ಸಕ್ರಿ ಬೀಳಲಿ, ತಂಗಿ,” ಅಂದಳು ನಾಗವ್ವ. “ಮನ್ನಿಯಿಂದ ನಮಗ ನಿದ್ದಿಲ್ಲ. ಇವ್ರು ಏನೇನೋ ತಲಿಗೆ ತೊಗೊಂಡು, ‘ನೀ ಕಾರು ಕಲಿ, ನೀ ಕಾರು ಕಲಿ’ ಅಂತ ಗಂಟ ಬಿದ್ದಿದ್ರು. ಲೈಸೆನ್ಸಿನ ಬರಿಯೂ ಪರೀಕ್ಷಾ ಹಿಂದಿಯೊಳಗ ಹೋದ ವರ್ಷನ ಪಾಸ್ ಆಗೀನಿ. ಆದ್ರ ಸ್ಟಿಯರಿಂಗ್ ಮುಟ್ಟಾಕ ಅಂಜಿಕಿ. ಐತವಾರದಿಂದ ಸುರು ಮಾಡೂದು ಅಂತ ಠರಾಯಿಸಿದ್ರು.”

“ಇನ್ನ ಯಾಕ ಅವಸರ?” ಮಡಿವಾಳಪ್ಪ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಕ್ಕರು. “ನಾ ಆರಾಮಾದ ಮ್ಯಾಲ ಕಲಸ್ತೀನಿ. ಮುಂದಿನ ವರ್ಷ ನೋಡೂಣಂತ. ಈಕಿ ಕೈಯಾಗ ಗಾಡಿ ಕೊಟ್ರ ಕ್ಯಾನ್ಸರಿಗಿಂತ ಮೊದಲ ಈಕಿನ ನನ್ನ ಮುಗಸ್ತಾಳ.”

“ನೋಡಿದಿಲ್ಲೋ ಬಾಯಿ!” ನಾಗವ್ವ ಅವರ ತೋಳಿಗೆ ಮೆಲ್ಲಗೆ ಗುದ್ದಿದಳು. ಇಬ್ಬರೂ ಬಾಗಿಲಿನತ್ತ ನಡೆದರು. ಗಾಜಿನಾಚೆ, ಕರಗಿದ ಹಿಮದ ನೀರಿನಲ್ಲಿ ಅವರ ಹಳೆಯ ಬೂದು ಬಣ್ಣದ ಕಾರು ನಿಂತಿತ್ತು. ನಾಗವ್ವ ಪ್ರಯಾಣಿಕರ ಕಡೆಯ ಬಾಗಿಲು ತೆಗೆದು ಕೂತಳು, ಇಷ್ಟು ವರ್ಷ ಕೂತ ಹಾಗೆಯೇ.

ಪ್ರಕೃತಿ ಬಸ್ ಸ್ಟಾಪಿನಲ್ಲಿ ನಿಂತು ಚಳಿಯಲ್ಲಿ ನಡುಗಿದಳು. ಮಾತು ನುಂಗಿದರೆ ಅದು ಯಾರ ಮೇಲೂ ಕೂರುವುದಿಲ್ಲ ಎಂದುಕೊಂಡಿದ್ದಳು. ಅದು ಈಗ ಆ ಹೆಂಗಸಿನ ಮೇಲೆ ಕೂತು ಕಾರಿನಲ್ಲಿ ಹೋಗಿತ್ತು. ಮುಂದಿನ ವರ್ಷ ಆ ಬೇಸ್‌ಮೆಂಟಿನಲ್ಲಿ ಒಬ್ಬಳೇ ಇದ್ದಾಗ, ಬಸ್ಸು ಬಾರದ ಬೀದಿಯಲ್ಲಿ, ಮೊಣಕಾಲುದ್ದ ಹಿಮದಲ್ಲಿ, ಹಾಲಿಗೆ ಔಷಧಕ್ಕೆ ಯಾರ ಬಾಗಿಲು ತಟ್ಟಬೇಕು ಅವಳು?

ಸಂಜೆ ನಿಜಗುಣನಿಗೆ ಯಾರು ಏನು ಎಂದು ಹೆಸರು ಹೇಳದೆ ತನ್ನ ತಪ್ಪನ್ನಷ್ಟೇ ಹೇಳಿದಳು. ಅವನು ಚಪಾತಿ ಮುರಿಯುವುದನ್ನು ನಿಲ್ಲಿಸಿದ.

“ಮುಂದಿನ ಸಲ ಡಾಕ್ಟರ್ ತಾವ ಮತ್ತ ಹೇಳ್ತಾರ ಬಿಡ. ನೀ ಅದನ್ನ ಏಜೆನ್ಸಿಗೆ ಹೇಳಿದ್ರ ಕೆಲಸಾ ಹೋಗತದ.”

“ಮುಂದಿನ ಸಲ ಅನ್ನೂದು ಅವ್ರ ಹಂತೇಕ ಎಷ್ಟ ಅದ ರೀ?”

“ನೀ ಬೇಕಂತ ಮಾಡಿದ್ದಲ್ಲಲಾ. ಭಾಷಾ ಅಂದ ಮ್ಯಾಲ ಹೆಚ್ಚುಕಡಿಮಿ ಆಗತದ.”

“ಹೆಚ್ಚುಕಡಿಮಿ ಆಗಿದ್ರ ಅಡ್ಡಿ ಇರಲಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದ ಆರಿಸಿದೆ. ಬರಲಿಲ್ಲ ಅನ್ನೂದು ಬ್ಯಾರೆ, ಹೇಳಲಿಲ್ಲ ಅನ್ನೂದು ಬ್ಯಾರೆ.”

ನಿಧಿ ನೆಲದ ಮೇಲೆ ಕೂತು ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ನಿಜಗುಣ ಅವಳನ್ನು ನೋಡಿ, ಹೆಂಡತಿಯನ್ನು ನೋಡಿ, “ಕೂಸಿಗೇನರ ಆಗತದಂತ ಅಂಜಿದೇನು?” ಎಂದು ಕೇಳಿದ. ಅಷ್ಟು ನೇರವಾಗಿ ಅವನು ಹಿಂದೆಂದೂ ಕೇಳಿರಲಿಲ್ಲ. ಬಾಯಿ ಮುಕ್ಕಳಿಸುವುದರ ಕಾರಣ ಅವನಿಗೆ ಮೊದಲಿನಿಂದ ಗೊತ್ತಿತ್ತೆಂದು ಅವಳಿಗೆ ಆಗ ತಿಳಿಯಿತು. ಬಗ್ಗಿ ಮಗಳ ಕೈಯಿಂದ ಚಮಚ ತೆಗೆದುಕೊಂಡಳು. “ಮುಂಜಾನೆ ನಾ ಸ್ವಲ್ಪ ತಡಾ ಮಾಡಿ ಹೊಂಡ್ತೀನಿ. ನೀ ಫೋನ್ ಮಾಡಿ ಮುಗಿಸು,” ಅಂದ.

ಏಜೆನ್ಸಿಯಲ್ಲಿ ಫೋನು ಎತ್ತಿದಾಕೆ ಎಲ್ಲ ಕೇಳಿಕೊಂಡಳು. ಅದು ಮಿಸ್ಟೇಕೋ, ಇಲ್ಲ ಚಾಯ್ಸೋ ಎಂದು ಕೇಳಿದಳು. ಇಲ್ಲಿಯೂ ಎರಡು ಪದ. “ಚಾಯ್ಸ್,” ಅಂದಳು ಪ್ರಕೃತಿ.

ಮಧ್ಯಾಹ್ನಕ್ಕೆ ಡಾಕ್ಟರರಿಂದಲೇ ಕರೆ ಬಂತು. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಂಪತಿಯನ್ನು ಸೋಮವಾರ ಮತ್ತೆ ಕರೆಸುತ್ತೇನೆ, ಅಷ್ಟರೊಳಗೆ ಬೇರೆ ಕನ್ನಡದವರು ಸಿಗುತ್ತಿಲ್ಲ, ಫೋನಿನಲ್ಲಿ ಈ ಸುದ್ದಿ ಹೇಳಲು ನನಗೆ ಇಷ್ಟವಿಲ್ಲ, ನೀವು ಬರಬೇಕು, ಈ ಸಲ ನನ್ನ ಮಾತು ನನ್ನ ಮಾತಾಗಿಯೇ ಅವರಿಗೆ ಮುಟ್ಟಬೇಕು ಎಂದರು.

ಸೋಮವಾರ ಅದೇ ಕೋಣೆ. ಇಷ್ಟು ಬೇಗ ಯಾಕೆ ಕರೆಸಿದರೆಂದು ಮಡಿವಾಳಪ್ಪನವರಿಗೆ ಅನುಮಾನ ಬಂದಿತ್ತು. ಕೀಲಿ ತಿರುಗಿಸುತ್ತಿರಲಿಲ್ಲ, ಮುಷ್ಟಿಯಲ್ಲಿ ಹಿಡಿದಿದ್ದರು. ಡಾಕ್ಟರರು ಅದೇ ಮಾತನ್ನು ಅಷ್ಟೇ ನಿಧಾನವಾಗಿ ಹೇಳಿದರು. ಪ್ರಕೃತಿ ಎರಡೂ ಕೈಯನ್ನು ಮಡಿಲಲ್ಲಿ ಬಿಗಿಹಿಡಿದುಕೊಂಡಳು.

“ನಿಮ್ಮ ಬ್ಯಾನಿಗೆ ನಾ ಔಷಧ ಕೊಡ್ತೀನಿ. ಅದು ಬ್ಯಾನಿನ್ನ ಸ್ವಲ್ಪ ದಿನಾ ಹಿಡದು ಇಡಬಹುದು, ನೋವು ಕಡಿಮಿ ಮಾಡಬಹುದು. ಆದ್ರ ಈ ಬ್ಯಾನಿ ಗುಣಾ ಆಗೂದಿಲ್ಲ. ನಾ ನಿಮ್ಮನ್ನ ಗುಣಾ ಮಾಡಲಾರೆ.”

ಯಾವ ದೇವತೆ ಎಲ್ಲಿ ಅಸ್ತು ಅಂದಿತೋ ಗೊತ್ತಾಗಲಿಲ್ಲ.

“ಮನ್ನಿ ಇದ ಬಾಯಿಲೆ ಗುಣಾ ಆಗತದ ಅಂದಿದ್ದೆಲ್ಲವಾ ನೀ?” ಮಡಿವಾಳಪ್ಪನವರ ದನಿ ಏರಿತು. “ಮಗಳು ಅಂದಿದ್ನಿ ನಿನ್ನ. ನಾ ಮನಿಗೆ ಹೋಗಿ ಹೋಳಗಿ ಮಾಡಿಸಿದೆ. ಹೋಳಗಿ!”

ಡಾಕ್ಟರರು ಪ್ರಕೃತಿಯನ್ನು ನೋಡಿದರು. ಅವಳು ಅದನ್ನೂ ದಾಟಿಸಿದಳು, ಒಂದೂ ಪದ ಬಿಡದೆ. ತನ್ನನ್ನು ತಾನೇ ‘ನೀನು’ ಎಂದು ಬೈದುಕೊಂಡ ಹಾಗೆ, ನೀನು ಇದೇ ಬಾಯಿಂದ ಹೇಳಿದ್ದೆ, ನಾನು ನಿನ್ನನ್ನು ಮಗಳು ಅಂದಿದ್ದೆ, ಮನೆಯಲ್ಲಿ ಸಿಹಿ ಮಾಡಿಸಿದ್ದೆ ಎಂದು. ಆಮೇಲೆ ಇಂಗ್ಲಿಷಿನಲ್ಲಿ ಅನುಮತಿ ಕೇಳಿ ಅವರತ್ತ ತಿರುಗಿದಳು.

“ಕಾಕಾರ, ಇದು ಡಾಕ್ಟರ್ ಮಾತಲ್ಲ, ನಂದು. ಅವ್ರು ಅವತ್ತನ ಖರೇ ಹೇಳಿದ್ರು. ನಾ ನಿಮಗ ಹೇಳಲಿಲ್ಲ. ನನಗ ಬಾಯಿ ಬರಲಿಲ್ಲ. ತಪ್ಪ ನಂದು.”

“ಬಾಯಿ ಬರಲಿಲ್ಲಂದ್ರ ಈ ಕೆಲಸಾ ಯಾಕ ಮಾಡ್ತಿ?”

ಮಡಿವಾಳಪ್ಪ ಉತ್ತರಕ್ಕೆ ಕಾಯಲಿಲ್ಲ. ಡಾಕ್ಟರರತ್ತ ನೋಡುತ್ತ, ಆದರೆ ಕನ್ನಡದಲ್ಲೇ, ತಗ್ಗಿದ ದನಿಯಲ್ಲಿ ಕೇಳಿದರು.

“ನಾ ಸಾಯ್ತೀನೇನು?”

ನಾಗವ್ವ ಕಣ್ಣು ಮುಚ್ಚಿದಳು. ಪ್ರಕೃತಿಗೆ ತಾನು ಈಗ ಏನು ಹೇಳಬೇಕೆಂದು ತಿಳಿದಿತ್ತು. ಇಂಗ್ಲಿಷಿನಲ್ಲಿ ಇದಕ್ಕೂ ಅಕ್ಕತಂಗಿಯರು ಬೇಕಾದಷ್ಟಿದ್ದರು. ‘ಪಾಸ್ ಅವೇ’ ಇತ್ತು, ಜರಿ ಸೀರೆ ಉಟ್ಟು ಮೆಲ್ಲಗೆ ಬರುವವಳು. ಆದರೆ ಆ ಮನುಷ್ಯ ‘ತೀರಿಕೋತೀನೇನು’ ಅಂದಿರಲಿಲ್ಲ, ‘ಹೋಗ್ತೀನೇನು’ ಅಂದಿರಲಿಲ್ಲ. ಸಾಯ್ತೀನೇನು ಅಂದಿದ್ದರು. ಅವರು ಎತ್ತಿಕೊಂಡ ಪದವನ್ನು ಅವರ ಕೈಯಿಂದ ಕಸಿಯಲು ಇವಳು ಯಾರು?

“ಆಮ್ ಐ ಗೋಯಿಂಗ್ ಟು ಡೈ?” ಅಂದಳು.

ತನ್ನದೇ ಬಾಯಿ, ತನ್ನದೇ ದನಿ, ‘ನಾನು’ ಎಂದು. ಮನೆಯಲ್ಲಿ ಒಂದು ಕೂಸು. ಆದರೂ ಬಾಯಿ ಮುಕ್ಕಳಿಸಬೇಕೆಂದು ಅನ್ನಿಸಲಿಲ್ಲ.

ಡಾಕ್ಟರರು ಹೌದೆಂದರು. ಈ ರೋಗದಿಂದಲೇ. ಬೇಗ ಅಲ್ಲ ಎಂದು ‘ಹೋಪ್’ ಮಾಡುತ್ತೇನೆ, ಒಂದು ವರ್ಷವಿರಬಹುದು, ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು ಎಂದರು. ‘ಎಕ್ಸ್‌ಪೆಕ್ಟ್’ ಎಂದಿರಲಿಲ್ಲ. ಪ್ರಕೃತಿ ಅದನ್ನು ಕೈತಪ್ಪಲು ಬಿಡಲಿಲ್ಲ. “ಲಗೂನ ಅಲ್ಲ ಅಂತ ನನಗ ಆಶಾ ಅದ. ಭರವಸಿ ಕೊಡಾಕ ಆಗೂದಿಲ್ಲ,” ಅಂದಳು.

ಮಡಿವಾಳಪ್ಪ ಗೋಡೆಯತ್ತ ಮುಖ ತಿರುಗಿಸಿದರು. ಅವರ ಹೆಗಲು ಅಲುಗಿತು, ನಿಂತಿತು. ಡಾಕ್ಟರರು ಗಡಿಯಾರ ನೋಡಲಿಲ್ಲ.

ಮೊದಲು ಬಾಯಿಬಿಟ್ಟವಳು ನಾಗವ್ವ. ಪ್ರಕೃತಿಯ ಮುಖ ನೋಡದೆ, ಡಾಕ್ಟರರನ್ನೇ ನೋಡುತ್ತ ಕೇಳಿದಳು.

“ಕಾರಿನ್ಯಾಗ ಬಾಜೂಕ ಕುಂದ್ರಾಕ ಇವ್ರಿಗೆ ಎಲ್ಲೀ ತನಕಾ ತ್ರಾಣ ಇರತದ, ಕೇಳ ಅವ್ರನ್ನ.”

ಡಾಕ್ಟರರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾತ್ರೆ ಮೈಗೆ ಹಿಡಿಸಿದರೆ ಈ ಬೇಸಿಗೆ ಪೂರ್ತಿ ಕೂರಬಹುದು, ತೂಕಡಿಕೆ ತರುವ ನೋವಿನ ಔಷಧ ತೆಗೆದುಕೊಂಡ ದಿನ ಮಾತ್ರ ಬೇಡ ಎಂದರು. ಪ್ರಕೃತಿ ಹೇಳಿದಳು. ನಾಗವ್ವ ಗಂಡನ ಮುಷ್ಟಿಯನ್ನು ಬಿಡಿಸಿ ಕಾರಿನ ಕೀಲಿ ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

“ಇವತ್ತ ನೀ ನಡಸೂದಿಲ್ಲ,” ಅಂದರು ಮಡಿವಾಳಪ್ಪ, ಗೋಡೆಯ ಕಡೆಯಿಂದಲೇ.

“ಇವತ್ತ ಇಲ್ಲ. ಐತವಾರ.”

ಲಾಬಿಯಲ್ಲಿ ಅವರು ಅವಳಿಗಾಗಿ ನಿಲ್ಲಲಿಲ್ಲ.

ಏಜೆನ್ಸಿಯವರು ಪ್ರಕೃತಿಗೆ ಬೇಸಿಗೆಯವರೆಗೆ ಕೆಲಸ ಕೊಡಲಿಲ್ಲ. ತರಬೇತಿಯನ್ನು ಮೊದಲಿನಿಂದ ಮಾಡಿಸಿದರು. ‘ನಾನು’ ಎಂದು ಹೇಳುವ ಪಾಠ ಬಂದಾಗ ಅವಳು ಹಿಂದಿನ ಸಾಲಿನಲ್ಲಿ ಕೂತು ಬೇರೆ ಹೊಸಬರಂತೆಯೇ ಕೇಳಿಸಿಕೊಂಡಳು. ಮನೆಯಲ್ಲಿ ಅವಳ ಅಂಜಿಕೆಗಳೇನೂ ಕಡಿಮೆಯಾಗಲಿಲ್ಲ. ನಿಧಿ ಸೀನಿದರೆ ಈಗಲೂ ಎದ್ದು ಕೂರುತ್ತಾಳೆ, ದೀಪವನ್ನು ಈಗಲೂ ದೊಡ್ಡದು ಮಾಡುತ್ತಾಳೆ. ಆದರೆ ಅದು ಹೊಸ್ತಿಲ ಒಳಗಿನ ಮಾತು. ಹೊರಗೆ ಕೂತ ಮನುಷ್ಯನಿಗೆ ತನ್ನ ಹೊಸ್ತಿಲ ಮಾತು ಕೊಟ್ಟು ಅವನ ಪಾಲಿನ ದಿನಗಳನ್ನು ಕಸಿಯಬಾರದು ಎಂಬಷ್ಟು ಮಾತ್ರ ಅವಳಿಗೆ ತಿಳಿದಿದೆ.

ಸೆಪ್ಟೆಂಬರಿನಲ್ಲಿ ಮತ್ತೆ ಆ ಆಸ್ಪತ್ರೆಗೆ ಒಬ್ಬ ಬಾಣಂತಿಗಾಗಿ ಹೋಗಿದ್ದಳು. ಕೆಲಸ ಮುಗಿಸಿ ಪಾರ್ಕಿಂಗ್ ಲಾಟು ದಾಟುತ್ತಿದ್ದಾಗ ಒಂದು ಬೂದು ಬಣ್ಣದ ಕಾರು ಎರಡು ಹಳದಿ ಗೆರೆಗಳ ನಡುವಿನಿಂದ ಹಿಂದಕ್ಕೆ ಬರಲು ಹೆಣಗುತ್ತಿತ್ತು. ಸ್ವಲ್ಪ ಬಂತು, ಗಕ್ಕನೆ ನಿಂತಿತು, ಮತ್ತೆ ಮುಂದೆ ಹೋಯಿತು. ಸ್ಟಿಯರಿಂಗಿಗೆ ಎದೆ ತಾಗಿಸಿ ಕೂತವಳು ನಾಗವ್ವ. ಪಕ್ಕದಲ್ಲಿ ಮಡಿವಾಳಪ್ಪ. ಇಳಿದು ಹೋಗಿದ್ದರು, ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ತೂಗುತ್ತಿತ್ತು. ಕಿಟಕಿಯಿಂದ ಅವಳನ್ನು ಗುರುತಿಸಿದರು. ನಗಲಿಲ್ಲ. ಗಾಜು ಇಳಿಸಿದರು.

“ಏ ಹುಬ್ಬಳ್ಳಿ, ಹಿಂದ ಸರಿ. ಈಕಿ ಇನ್ನೂ ಕನ್ನಡಿ ನೋಡೂದು ಕಲತಿಲ್ಲ.”

“ಕಲತೀನಿ. ಇವ್ರ ಬಡಬಡಿಕಿಗೆ ಎಲ್ಲಾ ಮರೀತದ,” ನಾಗವ್ವ ಮುಂದಿನ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದಳು. “ಮನ್ನಿ ಒಬ್ಬಾಕೀನ ಔಷಧಾ ತರಾಕ ಹೋಗಿ ಬಂದೆ, ಗೊತ್ತೇನು? ಇವ್ರು ಮಲಗಿದ್ರು.”

“ಒಬ್ಬ್ರ ಹೋಗಬಾರದಲ್ರೀ ಅವ್ವಾರ, ಇನ್ನೂ ರೋಡ್ ಟೆಸ್ಟ್...” ಎಂದಳು ಪ್ರಕೃತಿ.

“ಟೆಸ್ಟ್ ಹೋದ ವಾರ ಪಾಸ್ ಆತು,” ಅಂದರು ಮಡಿವಾಳಪ್ಪ. ಆ ಒಂದು ಮಾತಿನಲ್ಲಿ ಮಾತ್ರ ಅವರ ಮುಖದಲ್ಲಿ ಏನೋ ಹೊಳೆಯಿತು. “ಪರೀಕ್ಷಾ ತೊಗೊಂಡ ಪಂಜಾಬಿಗೆ ದಿಕ್ಕ ತಪ್ಪಿರಬೇಕು.”

ಕಾರು ಈ ಸಲ ಗೆರೆ ಬಿಟ್ಟು ನೆಟ್ಟಗೆ ಹಿಂದೆ ಬಂತು. ನಾಗವ್ವ ಕನ್ನಡಿ ನೋಡಿದಳು, ಇನ್ನೊಮ್ಮೆ ನೋಡಿದಳು.

“ಬರ್ತೀವಿ,” ಅಂದಳು.

“ಬರ್ರಿ, ಅವ್ವಾರ,” ಅಂದಳು ಪ್ರಕೃತಿ.

ಎಡಗಡೆಯ ದೀಪ ಮಿನುಗುತ್ತ ಕಾರು ದಾರಿಯ ತುದಿಗೆ ಹೋಗಿ ನಿಂತಿತು. ಎರಡೂ ಕಡೆಯಿಂದ ವಾಹನ ಬರುತ್ತಿರಲಿಲ್ಲ. ಆದರೂ ಅದು ಬಹಳ ಹೊತ್ತು ನಿಂತೇ ಇತ್ತು. ಪಕ್ಕದಲ್ಲಿ ಕೂತವರು ಅವಸರ ಮಾಡಲಿಲ್ಲ.